ಡಿಸ್ಪ್ಲೇ ಹಾಕಿಸೋಕೆ ಪ್ಯಾಟರ್ನ್ ಯಾಕೆ ಬೇಕು? ಫೋನ್ ರಿಪೇರಿಗೆ ಕೊಡೋ ಮುಂಚೆ ಏನೇನು ಮಾಡಬೇಕು – ಹಾಸನ

ಪ್ರಶ್ನೆ: ಆಲೂರು ಲೆಕ್ಕದ ಪುಸ್ತಕ

ಎಲ್ಲರಿಗೂ ನಮಸ್ಕಾರ. ಸ್ಯಾಮ್‌ಸಂಗ್ ಎ ಸೀರೀಸ್ ಫೋನು, ಆಂಡ್ರಾಯ್ಡ್ 14. ಕೆಳಗೆ ಬಿದ್ದು ಸ್ಕ್ರೀನ್ ಮೇಲೆ ಹಸಿರು ಗೆರೆ ಬಂದಿದೆ, ಎಡಗಡೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಟಚ್ ಆಗ್ತಿಲ್ಲ. ಹಾಸನದಲ್ಲಿ ಬಿ.ಎಂ. ರೋಡಿನ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ "ಕಾಂಬೋ ಹಾಕ್ಬೇಕು ಮೇಡಂ, ಬಿಟ್ಟು ಹೋಗಿ, ನಾಳೆ ಸಂಜೆ ಬನ್ನಿ" ಅಂದ್ರು. ಕಾಂಬೋ ಅಂದ್ರೆ ಗಾಜು, ಟಚ್, ಡಿಸ್ಪ್ಲೇ ಒಟ್ಟಿಗೆ ಇರೋ ಭಾಗವಂತೆ. ಅವರ ಜಾಬ್ ಕಾರ್ಡಿನಲ್ಲಿ ಒಂಬತ್ತು ಚುಕ್ಕಿ ಇರೋ ಒಂದು ಚೌಕ ಪ್ರಿಂಟ್ ಆಗಿದೆ. ಅದರಲ್ಲಿ ಗೆರೆ ಎಳೆದು ಪ್ಯಾಟರ್ನ್ ತೋರಿಸಬೇಕಂತೆ. ಪಕ್ಕದಲ್ಲಿದ್ದ ಫೋನುಗಳ ಬೆನ್ನಿಗೆ ಆ ಚೀಟಿನೇ ಟೇಪ್ ಹಾಕಿ ಅಂಟಿಸಿತ್ತು.

ನಾನು ನಮ್ಮೂರ ಸ್ವಸಹಾಯ ಸಂಘದ ಲೆಕ್ಕ ನೋಡ್ಕೊಳ್ಳೋದು. ಸದಸ್ಯರ ಆಧಾರ್, ಪಾಸ್‌ಬುಕ್ ಫೋಟೋ ಎಲ್ಲ ಈ ಫೋನಲ್ಲೇ ಇದೆ. ಜೊತೆಗೆ ಮನೆಯವರ ಫೋಟೋ, ಫೋನ್‌ಪೇ, ಬ್ಯಾಂಕ್ ಆ್ಯಪ್. ಡಿಸ್ಪ್ಲೇ ಬದಲಾಯಿಸೋಕೆ ಪ್ಯಾಟರ್ನ್ ನಿಜವಾಗಿ ಬೇಕಾ? ಕೊಡಲ್ಲ ಅಂದ್ರೆ ಕೆಲಸ ಮಾಡಲ್ವಾ? ರೀಸೆಟ್ ಮಾಡಿ ಕೊಡೋದೇ ವಾಸಿನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಬ್ಲೋವರ್ ಬೆಂಚ್

ಮೇಡಂ, ಡಿಸ್ಪ್ಲೇ ಬದಲಾಯಿಸೋ ಕೆಲಸಕ್ಕೆ ಪ್ಯಾಟರ್ನ್ ಬೇಡ. ಬ್ಯಾಟರಿ, ಚಾರ್ಜಿಂಗ್ ಪೋರ್ಟ್, ಬ್ಯಾಕ್ ಗ್ಲಾಸ್, ಕ್ಯಾಮೆರಾ ಗಾಜು, ಪವರ್ ಬಟನ್ ಫ್ಲೆಕ್ಸ್ (ಒಳಗಿನ ತೆಳು ಪಟ್ಟಿ ಕೇಬಲ್), ಇವ್ಯಾವುದಕ್ಕೂ ಬೇಡ. ಬೇಕಾಗೋದು ಕೆಲಸ ಮುಗಿದ ಮೇಲೆ ಚೆಕ್ ಮಾಡೋಕೆ. ಕಾಲ್ ಮಾಡುವಾಗ ಕಿವಿ ಹತ್ತಿರ ತಂದರೆ ಸ್ಕ್ರೀನ್ ಆರುತ್ತಾ, ಮೈಕ್ ಸರಿ ಇದೆಯಾ, ಅಂಚಿನ ತನಕ ಟಚ್ ಬರ್ತಿದೆಯಾ, ಫಿಂಗರ್‌ಪ್ರಿಂಟ್ ಓದುತ್ತಾ ಅಂತ. "ಕೊಡೋವಾಗ ಮೈಕ್ ಸರಿ ಇತ್ತು, ನೀವೇ ಹಾಳು ಮಾಡಿದ್ರಿ" ಅನ್ನೋ ಗ್ರಾಹಕರೂ ಇದ್ದಾರೆ, ಅದಕ್ಕೆ ಅಂಗಡಿಯವರು ಕೇಳ್ತಾರೆ. ಕೇಳಿದ ಮಾತ್ರಕ್ಕೆ ಕೆಟ್ಟವರು ಅಂದ್ಕೋಬೇಡಿ. ಆದರೆ ಆ ಚೆಕ್ಕಿಂಗ್ ನೀವು ಎದುರಿಗೆ ನಿಂತು ನೀವೇ ಲಾಕ್ ತೆಗೆದು ಮಾಡಬಹುದು, ಐದು ನಿಮಿಷದ ಕೆಲಸ. ಲಾಕ್ ತೆಗೆಯದೇನೇ ಅರ್ಧ ಗೊತ್ತಾಗುತ್ತೆ. ಲಾಕ್ ಸ್ಕ್ರೀನಿನಿಂದಲೇ ಕ್ಯಾಮೆರಾ ತೆರೆಯುತ್ತೆ, ಆವಾಗ ಹಳೇ ಫೋಟೋ ಕಾಣಲ್ಲ. ಟಾರ್ಚ್ ಹತ್ತುತ್ತೆ, ಚಾರ್ಜ್ ಏರೋದು ಕಾಣುತ್ತೆ, ಬಣ್ಣ, ಬ್ರೈಟ್‌ನೆಸ್ ನೋಡಬಹುದು.

ಚೀಟಿಯಲ್ಲಿ ಪ್ಯಾಟರ್ನ್ ಬರೆದು ಫೋನಿನ ಬೆನ್ನಿಗೆ ಅಂಟಿಸೋದು ಮಾತ್ರ ಬಿಡಲೇಬೇಕಾದ ಅಭ್ಯಾಸ. ಆ ಫೋನು ಕೌಂಟರಿನಿಂದ ಬೆಂಚಿಗೆ, ಬೆಂಚಿನಿಂದ ಡ್ರಾಯರಿಗೆ ಹೋಗುತ್ತೆ. ಟೀ ತರೋ ಹುಡುಗನಿಂದ ಹಿಡಿದು ಪಕ್ಕದ ಅಂಗಡಿಯವರ ತನಕ ಯಾರು ಬೇಕಾದರೂ ತೆಗೆದು ನೋಡಬಹುದು. ಆ ಚೌಕದ ಮೇಲೆ ಅಡ್ಡಗೆರೆ ಎಳೆದು "ಗ್ರಾಹಕರ ಎದುರು ಚೆಕ್" ಅಂತ ಬರೆಸಿ.

"ನಾಳೆ ಬನ್ನಿ" ಅನ್ನೋದಕ್ಕೆ ಒಂದು ನಿಜವಾದ ಕಾರಣ ಇದೆ. ಕಾಂಬೋ ಹಾಕೋ ಕೆಲಸ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆದರೆ ಫ್ರೇಮಿಗೆ ಹಚ್ಚೋ ಅಂಟು ಒಣಗೋಕೆ ಕ್ಲಿಪ್ಪೋ ರಬ್ಬರ್ ಬ್ಯಾಂಡೋ ಹಾಕಿ ಎರಡು ಮೂರು ಗಂಟೆ ಇಡಬೇಕು. ಅವಸರದಲ್ಲಿ ತಗೊಂಡು ಹೋದರೆ ವಾರದೊಳಗೆ ಮೂಲೆ ಎದ್ದು, ನಮ್ಮ ಕಡೆ ಮಳೆಯಲ್ಲಿ ನೀರು ಒಳಗೆ ಹೋಗುತ್ತೆ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿ.

ಮೊದಲ ಭಾಗ ನಿಮ್ಮೆದುರು. ಹಳೇ ಡಿಸ್ಪ್ಲೇ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಹೊಸ ಕಾಂಬೋದ ಫ್ಲೆಕ್ಸ್ ಕೂರಿಸಿ, ಅಂಟು ಹಚ್ಚದೆ ಹಾಗೇ ಆನ್ ಮಾಡಿಸಿ. ಬ್ಯಾಟರಿ ಕನೆಕ್ಟರ್ ತೆಗೆಯದೆ ಫ್ಲೆಕ್ಸ್ ಚುಚ್ಚಿದರೆ ಬೋರ್ಡಿನ ಡಿಸ್ಪ್ಲೇ ಲೈನ್ ಸುಟ್ಟುಹೋಗಬಹುದು, ಅದನ್ನೂ ಗಮನಿಸಿ. ಆನ್ ಆದಮೇಲೆ ನೀವೇ ಲಾಕ್ ತೆಗೆದು ಟಚ್, ಕಾಲ್, ಫಿಂಗರ್‌ಪ್ರಿಂಟ್ ನೋಡಿ. ನಿಮ್ಮ ಮಾಡೆಲಿನಲ್ಲಿ ಫಿಂಗರ್‌ಪ್ರಿಂಟ್ ಸ್ಕ್ರೀನ್ ಒಳಗೇ ಇದ್ದರೆ ಇದು ಮುಖ್ಯ. ಕಡಿಮೆ ದುಡ್ಡಿನ ಎಲ್‌ಸಿಡಿ ಕಾಪಿ ಕಾಂಬೋ ಹಾಕಿದರೆ ಆ ಸೆನ್ಸರ್ ಕೆಲಸ ಮಾಡಲ್ಲ. ಅಂಟು ಹಚ್ಚಿದ ಮೇಲೆ ಗೊತ್ತಾದರೆ ಜಗಳ.

ಎಲ್ಲ ಸರಿ ಅನ್ನಿಸಿದ ಮೇಲೆ ಫೋನನ್ನು ಪವರ್ ಆಫ್ ಮಾಡಿ ಕೊಡಿ. ಎರಡನೇ ಭಾಗ ಅಂಟು ಒಣಗೋದು, ಅದಕ್ಕೆ ಫೋನ್ ಆನ್ ಇರಬೇಕಾಗಿಲ್ಲ. ಈ ಪವರ್ ಆಫ್ ಚಿಕ್ಕ ವಿಷಯ ಅನ್ಕೋಬೇಡಿ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಫೋಟೋ, ಮೆಸೇಜ್ ಎಲ್ಲ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದೆ ಓದೋಕಾಗದ ಹಾಗೆ ಕೂತಿರುತ್ತೆ. ಆನ್ ಮಾಡಿ ಮೊದಲ ಸಲ ಪಿನ್ ಅಥವಾ ಪ್ಯಾಟರ್ನ್ ಹಾಕೋವರೆಗೂ ಅದನ್ನು ಬಿಡಿಸೋ ಕೀಲಿ ತಯಾರಾಗೋದೇ ಇಲ್ಲ. ಅದಕ್ಕೇ ರೀಸ್ಟಾರ್ಟ್ ಆದ ಕೂಡಲೇ ಬೆರಳಿಟ್ಟರೆ ಒಪ್ಪಲ್ಲ, ಪಿನ್ನೇ ಕೇಳುತ್ತೆ. ಆಫ್ ಆಗಿರೋ ಫೋನನ್ನು ಯಾರು ಆನ್ ಮಾಡಿದರೂ ಅವರಿಗೆ ಸಿಗೋದು ಬೀಗ ಹಾಕಿದ ಸ್ಕ್ರೀನ್ ಮಾತ್ರ.

ಲಾಕೇ ಹಾಕದೆ ಬರೀ ಸ್ವೈಪ್ ಇಟ್ಟುಕೊಂಡವರಿಗೆ ಈ ರಕ್ಷಣೆ ಇಲ್ಲ. ಎನ್‌ಕ್ರಿಪ್ಷನ್ ಇದ್ದರೂ ಆನ್ ಮಾಡಿದ ತಕ್ಷಣ ತಾನಾಗೇ ತೆರೆದುಕೊಳ್ಳುತ್ತೆ.

ಉತ್ತರ: ಸಿ.ಆರ್. ಪಟ್ಟಣ

ಇಷ್ಟೆಲ್ಲ ಯಾಕೆ? ಬ್ಯಾಕಪ್ ತಗೊಂಡು ಫ್ಯಾಕ್ಟರಿ ರೀಸೆಟ್ ಹೊಡೆದು ಕೊಟ್ಟರೆ ಮುಗೀತು. ಯಾರು ಏನು ನೋಡ್ತಾರೆ?

ಉತ್ತರ: ಬ್ಲೋವರ್ ಬೆಂಚ್

ಸರ್, ಒಂದು ಗಂಟೆ ಡಿಸ್ಪ್ಲೇ ಕೆಲಸಕ್ಕೆ ರೀಸೆಟ್ ಮಾಡಿದರೆ ಆಮೇಲೆ ಎರಡು ದಿನ ಆ್ಯಪ್ ಹಾಕ್ಕೊಂಡು ಕೂರಬೇಕು. ಬ್ಯಾಂಕ್ ಆ್ಯಪ್ ಎಲ್ಲ ಮತ್ತೆ ರಿಜಿಸ್ಟರ್ ಆಗಬೇಕು. ಬ್ಯಾಕಪ್ಪಿನಲ್ಲಿ ಬಾರದೇ ಉಳಿಯೋದೂ ಇರುತ್ತೆ. ಸ್ಯಾಮ್‌ಸಂಗ್‌ನ ಸೆಕ್ಯೂರ್ ಫೋಲ್ಡರ್ ಒಳಗಿನದ್ದು ಮಾಮೂಲಿ ಬ್ಯಾಕಪ್ಪಿಗೆ ಸೇರಲ್ಲ, ಹೊರಗೆ ತೆಗೆದಿಡದೆ ರೀಸೆಟ್ ಹೊಡೆದರೆ ಹೋಯ್ತು. ಮೆಮೊರಿ ಕಾರ್ಡನ್ನು ಆ ಫೋನಲ್ಲೇ ಎನ್‌ಕ್ರಿಪ್ಟ್ ಮಾಡಿದ್ದರೆ ರೀಸೆಟ್ ಆದಮೇಲೆ ಆ ಕಾರ್ಡನ್ನು ಯಾವ ಫೋನೂ ಓದಲ್ಲ.

ರೀಸೆಟ್ ಸರಿಯಾದ ದಾರಿ ಆಗೋದು ಫೋನು ನಿಮ್ಮ ಕಣ್ಣಿನಿಂದ ದೂರ ಹೋಗುವಾಗ. ಹಾಸನದಲ್ಲಾಗಲಿ ಚಿಕ್ಕಮಗಳೂರಲ್ಲಾಗಲಿ ಬೋರ್ಡಿನ ಐಸಿ (ಚಿಪ್) ಕೆಲಸ ಬಂದರೆ ಎಷ್ಟೋ ಅಂಗಡಿಯವರು ಬೆಂಗಳೂರಿಗೆ ಕಳಿಸ್ತಾರೆ. ಕೊರಿಯರ್ರೋ ಬಸ್ ಪಾರ್ಸಲ್ಲೋ, ವಾರ ಹತ್ತು ದಿನ ಆಗುತ್ತೆ, ಯಾರ ಕೈಗೆ ಹೋಯ್ತು ಅಂತ ಕೊಟ್ಟ ಅಂಗಡಿಯವರಿಗೇ ಸರಿಯಾಗಿ ಗೊತ್ತಿರಲ್ಲ. "ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ" ಅಂತ ಕೊಡೋ ಮುಂಚೆನೇ ಕೇಳಿ, ಬಿಲ್ಲಿನಲ್ಲಿ ಬರೆಸಿ.

ರೀಸೆಟ್ ಮಾಡೋದಾದರೆ ಕ್ರಮ ತಪ್ಪಬೇಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆ, ಸ್ಯಾಮ್‌ಸಂಗ್ ಖಾತೆ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್ ಒಳಗಿಂದಲೇ ರೀಸೆಟ್ ಮಾಡಿ. ಬಟನ್ ಒತ್ತಿ ಹಿಡಿದು, ಫೋನ್ ಪೂರ್ತಿ ಆನ್ ಆಗೋ ಮುಂಚೆ ಬರೋ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಫೋನ್ ಆನ್ ಆದಾಗ ಹಳೇ ಗೂಗಲ್ ಖಾತೆ ಕೇಳುತ್ತೆ. ಕದ್ದ ಫೋನು ಬಳಸೋಕೆ ಆಗಬಾರದು ಅಂತ ಆಂಡ್ರಾಯ್ಡ್ 5.1ರಿಂದ ಬಂದಿರೋ ಬೀಗ ಅದು. ಆಗ ಅಂಗಡಿಯವರು ಫೋನ್ ಮಾಡಿ "ನಿಮ್ಮ ಜಿಮೇಲ್ ಪಾಸ್‌ವರ್ಡ್ ಹೇಳಿ" ಅಂತಾರೆ, ಜನ ಹೇಳಿಬಿಡ್ತಾರೆ. ಪ್ಯಾಟರ್ನ್ ಕೊಡೋದಕ್ಕಿಂತ ಅದು ದೊಡ್ಡ ಅಪಾಯ.

ಇ-ಸಿಮ್ ಇದ್ದವರಿಗೆ ಒಂದು ಮಾತು. ರೀಸೆಟ್ ಪರದೆಯಲ್ಲಿ ಇ-ಸಿಮ್ ಅಳಿಸೋ ಆಯ್ಕೆ ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಅಳಿಸಿದರೆ ಕಂಪನಿಯಿಂದ ಮತ್ತೆ ಹಾಕಿಸಿಕೊಳ್ಳಬೇಕು.

ಉತ್ತರ: ಸೆಟ್ಟಿಂಗ್ಸ್ ಹುಡುಕು

ಅಕ್ಕ, ನಿಮ್ಮದು ಸ್ಯಾಮ್‌ಸಂಗ್ ಆದ್ದರಿಂದ ರೀಸೆಟ್ಟೂ ಬೇಡ, ಪ್ಯಾಟರ್ನೂ ಬೇಡ ಅನ್ನೋ ಮೂರನೇ ದಾರಿ ಇದೆ. ಮೇಂಟೆನೆನ್ಸ್ ಮೋಡ್. 2022ರ ಕೊನೆಯಲ್ಲಿ ಸ್ಯಾಮ್‌ಸಂಗ್ ಫೋನಿನ ಸಾಫ್ಟ್‌ವೇರ್ ಒನ್ ಯುಐ 5ರ ಜೊತೆ ಬಂತು. ಸೆಟ್ಟಿಂಗ್ಸ್ ಮೇಲಿನ ಹುಡುಕೋ ಜಾಗದಲ್ಲಿ ಮೇಂಟೆನೆನ್ಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಿಗುತ್ತೆ. ಇಲ್ಲವಾದರೆ ಬ್ಯಾಟರಿ ಅಂಡ್ ಡಿವೈಸ್ ಕೇರ್ ಒಳಗೆ ಕೆಳಗಡೆ ನೋಡಿ. ಹೊಸ ಅಪ್‌ಡೇಟಿನಲ್ಲಿ ಬರೀ ಡಿವೈಸ್ ಕೇರ್ ಅಂತಿರುತ್ತೆ. ತೀರಾ ಕಡಿಮೆ ಬೆಲೆಯ ಮಾಡೆಲುಗಳಲ್ಲಿ ಇಲ್ಲದೇ ಇರಬಹುದು.

ಆನ್ ಮಾಡಿದರೆ ಫೋನ್ ಒಂದು ಸಲ ರೀಸ್ಟಾರ್ಟ್ ಆಗಿ ಅಂಗಡಿಯಿಂದ ಈಗ ತಂದ ಫೋನಿನ ಹಾಗೆ ತೆರೆದುಕೊಳ್ಳುತ್ತೆ. ಕಂಪನಿ ಕೊಟ್ಟ ಆ್ಯಪ್‌ಗಳು ಮಾತ್ರ ಇರುತ್ತೆ. ನಿಮ್ಮ ಗ್ಯಾಲರಿ ಖಾಲಿ, ಮೆಸೇಜ್ ಖಾಲಿ, ಖಾತೆ ಇಲ್ಲ. ಟೆಕ್ನಿಷಿಯನ್ ಕ್ಯಾಮೆರಾ, ಮೈಕ್, ಸ್ಪೀಕರ್, ವೈಫೈ ಎಲ್ಲ ನೋಡಬಹುದು. ವಾಪಸ್ ಬಂದ ಮೇಲೆ ನೋಟಿಫಿಕೇಶನ್ ಎಳೆದು ಅದರಿಂದ ಹೊರಗೆ ಬರಬೇಕು, ಆಗ ನಿಮ್ಮ ಲಾಕ್ ಕೇಳುತ್ತೆ. ಮಧ್ಯೆ ಅವರು ತೆಗೆದ ಟೆಸ್ಟ್ ಫೋಟೋಗಳು ತಾವಾಗೇ ಅಳಿಸಿಹೋಗುತ್ತೆ.

ಗೂಗಲ್ ಪಿಕ್ಸೆಲ್‌ನಲ್ಲಿ ಇದೇ ಥರದ್ದು 2023ರ ಡಿಸೆಂಬರ್ ಅಪ್‌ಡೇಟಿನಿಂದ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಪೇರ್ ಮೋಡ್. ಅದಕ್ಕೆ ಕನಿಷ್ಠ 2 ಜಿಬಿ ಖಾಲಿ ಜಾಗ ಬೇಕು. ಫೋನು ತುಂಬಿ ತುಳುಕುತ್ತಿದ್ದರೆ ಆನ್ ಆಗಲ್ಲ, ಅಂಗಡಿ ಮುಂದೆ ನಿಂತು ವಿಡಿಯೋ ಡಿಲೀಟ್ ಮಾಡೋ ಹಾಗಾಗುತ್ತೆ.

ಬ್ಯಾಕಪ್ ಆದರೂ ಮಾಡಿಯೇ ಹೊರಡಿ. ಈ ಮೋಡ್ ನೋಡೋದನ್ನು ತಡೆಯುತ್ತೆ, ಬೋರ್ಡ್ ಕೆಟ್ಟರೆ ಡೇಟಾ ಉಳಿಸಿಕೊಡಲ್ಲ. ಹಾಗೇ ಸಿಮ್ಮು, ಮೆಮೊರಿ ಕಾರ್ಡು ಒಳಗೆ ಬಿಟ್ಟು ಈ ಮೋಡ್ ನಂಬಬೇಡಿ, ಎರಡೂ ನಿಮ್ಮ ಪರ್ಸಿನಲ್ಲಿರಲಿ. ಟ್ರೇ ತೆಗೆಯೋ ಪಿನ್ ಇಲ್ಲದಿದ್ದರೆ ಅಂಗಡಿಯಲ್ಲೇ ಕೇಳಿ ತೆಗೆಸಿಕೊಳ್ಳಿ. ಟ್ರೇ ಮಾತ್ರ ವಾಪಸ್ ಹಾಕಿಸಿ, ಕಳೆದುಹೋಗೋದು ಯಾವಾಗಲೂ ಅದೇ.

ಪ್ರಶ್ನೆ ಕೇಳಿದವರು: ಆಲೂರು ಲೆಕ್ಕದ ಪುಸ್ತಕ

ಮೇಂಟೆನೆನ್ಸ್ ಮೋಡ್ ಇದೆ ಅನ್ಸುತ್ತೆ. ಆದರೆ ಈಗ ಎಡಗಡೆ ಟಚ್ ಇಲ್ಲದೆ ಪ್ಯಾಟರ್ನೇ ಎಳೆಯೋಕೆ ಆಗ್ತಿಲ್ಲ, ಫಿಂಗರ್‌ಪ್ರಿಂಟ್‌ನಿಂದ ತೆಗೀತಿದೀನಿ. ರೀಸ್ಟಾರ್ಟ್ ಆದರೆ ಒಳಗೆ ಹೋಗೋಕೇ ಆಗಲ್ಲ ಅಲ್ವಾ?

ಉತ್ತರ: ಸೆಟ್ಟಿಂಗ್ಸ್ ಹುಡುಕು

ಹೌದು, ಸದ್ಯಕ್ಕೆ ಸ್ವಿಚ್ ಆಫ್ ಮಾಡಬೇಡಿ, ಚಾರ್ಜ್ ಇಳಿದು ಆಫ್ ಆಗೋಕೂ ಬಿಡಬೇಡಿ. ಕಂಪ್ಯೂಟರಿನ ಮಾಮೂಲಿ ಯುಎಸ್‌ಬಿ ಮೌಸ್ ಇದ್ದರೆ ಸಾಕು, ಜೊತೆಗೆ ಟೈಪ್-ಸಿ ಒಟಿಜಿ ಅಡಾಪ್ಟರ್ (ಮೌಸಿನಂಥ ಯುಎಸ್‌ಬಿ ಸಾಮಾನನ್ನು ಫೋನಿಗೆ ಜೋಡಿಸೋದು) ಒಂದು. ಚುಚ್ಚಿದ ಕೂಡಲೇ ಸ್ಕ್ರೀನಿನಲ್ಲಿ ಬಾಣದ ಗುರುತು ಬರುತ್ತೆ, ಲಾಕ್ ಸ್ಕ್ರೀನಿನಲ್ಲೂ ಬರುತ್ತೆ. ಎಡ ಬಟನ್ ಒತ್ತಿ ಹಿಡಿದು ಪ್ಯಾಟರ್ನ್ ಎಳೀಬಹುದು. ರೀಸ್ಟಾರ್ಟ್ ಆದಮೇಲೂ ಇದೇ ಉಪಾಯ.

ಒಪ್ಪೋ, ರಿಯಲ್‌ಮಿ, ವಿವೋ ಫೋನುಗಳಲ್ಲಿ ಮಾತ್ರ ಮೊದಲು ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಅನ್ನೋದನ್ನು ಆನ್ ಮಾಡಬೇಕಾಗಬಹುದು, ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತೆ.

ಸ್ಕ್ರೀನ್ ಪೂರ್ತಿ ಕಪ್ಪಾಗಿದ್ದರೆ ಮೌಸ್ ಇದ್ದೂ ಏನೂ ಕಾಣಲ್ಲ. ಆಗ ಬ್ಲೋವರ್ ಬೆಂಚ್ ಸರ್ ಹೇಳಿದ ದಾರಿಯೇ: ಹೊಸ ಕಾಂಬೋ ಫ್ಲೆಕ್ಸ್ ಮಾತ್ರ ಕೂರಿಸಿ ಆನ್ ಮಾಡಿಸಿ, ನೀವೇ ಮೇಂಟೆನೆನ್ಸ್ ಮೋಡ್ ಹಾಕಿ, ಆಮೇಲೆ ಮುಂದಿನ ಕೆಲಸ.

ಉತ್ತರ: ಪಾಸ್‌ಬುಕ್ ಪುಟ

ಹಣದ ವಿಷಯ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಫೋನ್‌ಪೇ, ಗೂಗಲ್ ಪೇಯಲ್ಲಿ ಹಣ ಕಳಿಸಲು ಯುಪಿಐ ಪಿನ್ ಬೇಕು, ಅದು ನಿಮ್ಮ ತಲೆಯಲ್ಲಿದ್ದರೆ ಸಾಕು. ಆದರೆ ಯುಪಿಐ ಲೈಟ್ (ಸಣ್ಣ ಪಾವತಿಗೆ ಆ್ಯಪ್‌ನಲ್ಲೇ ಹಣ ತುಂಬಿಡುವ ವ್ಯವಸ್ಥೆ) ಆನ್ ಮಾಡಿಕೊಂಡಿದ್ದರೆ ಅದರಲ್ಲಿರುವ ಹಣ ಪಿನ್ ಇಲ್ಲದೆ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದರ ಮಿತಿಯನ್ನು ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು 5,000 ರೂಪಾಯಿಗೆ ಏರಿಸಿತು. ಆದ್ದರಿಂದ ಕೊಡುವ ಮುಂಚೆ ಲೈಟ್ ಮುಚ್ಚಿ ಹಣವನ್ನು ಖಾತೆಗೆ ವಾಪಸ್ ಹಾಕಿಕೊಳ್ಳಿ. ರೀಸೆಟ್ ಮಾಡುವವರಂತೂ ಮರೆಯಲೇಬಾರದು. ಲೈಟ್ ಹಣ ಆ ಫೋನಿಗೆ ಕಟ್ಟಿಕೊಂಡಿರುತ್ತದೆ. ಮುಚ್ಚದೆ ಅಳಿಸಿದರೆ ಅದನ್ನು ವಾಪಸ್ ಪಡೆಯಲು ಬ್ಯಾಂಕಿನ ಬೆನ್ನು ಹತ್ತಬೇಕಾಗುತ್ತದೆ.

ಇನ್ನೊಂದು ದೊಡ್ಡ ತೂತು ಸಿಮ್. ಫೋನಿಗೆ ಎಷ್ಟೇ ಗಟ್ಟಿ ಬೀಗ ಹಾಕಿದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಬರುತ್ತದೆ. ತೆಗೆಯದೇ ಇದ್ದರೂ ಲಾಕ್ ಸ್ಕ್ರೀನಿನ ಮೇಲೆ ಒಟಿಪಿ ಪೂರ್ತಿ ಕಾಣುವ ಹಾಗೆ ಇಟ್ಟುಕೊಂಡವರೇ ಹೆಚ್ಚು. ಸಿಮ್ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ನೆಟ್‌ವರ್ಕ್ ನೋಡಬೇಕು ಎಂದರೆ ಅಂಗಡಿಯವರು ತಮ್ಮದೇ ಸಿಮ್ ಹಾಕಿ ನೋಡಲಿ. ಸಿಮ್ಮಿಗೇ ಪಿನ್ ಲಾಕ್ ಹಾಕುವುದೂ ಒಳ್ಳೆಯದು, ಆದರೆ ಈಗಿನ ಪಿನ್ ಏನೆಂದು ತಿಳಿಯದೆ ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಾದರೆ ಪಿಯುಕೆ (ಸಿಮ್ ಕಂಪನಿ ಕೊಡುವ ಬೀಗ ತೆಗೆಯುವ ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಾದರೆ ಆ ಸಿಮ್ ಮತ್ತೆ ಬಳಕೆಗೆ ಬರುವುದಿಲ್ಲ.

ವಾಟ್ಸಾಪಿನಲ್ಲಿ ಆರಂಕಿಯ ಟೂ-ಸ್ಟೆಪ್ ಪಿನ್ ಇಟ್ಟಿದ್ದರೆ ನಿಮ್ಮ ನಂಬರಿನ ಒಟಿಪಿ ಸಿಕ್ಕವರೂ ಬೇರೆ ಫೋನಿನಲ್ಲಿ ನಿಮ್ಮ ವಾಟ್ಸಾಪ್ ಕೂಡಲೇ ತೆರೆಯಲು ಆಗುವುದಿಲ್ಲ. ಎರಡು ನಿಮಿಷದ ಕೆಲಸ, ಇವತ್ತೇ ಮಾಡಿ.

ಸಿಮ್ ವಾಪಸ್ ಹಾಕಿದಾಗ ಕೆಲವು ಬ್ಯಾಂಕ್ ಆ್ಯಪ್‌ಗಳು ಎಸ್‌ಎಂಎಸ್ ಕಳಿಸಿ ಮತ್ತೆ ಪರಿಶೀಲಿಸುತ್ತವೆ. ರೀಚಾರ್ಜ್ ಮುಗಿದು ಎಸ್‌ಎಂಎಸ್ ಹೋಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಗಾಬರಿ ಬೇಡ.

ಉತ್ತರ: ಮೂಡಿಗೆರೆ ಮಳೆ

ನಡುವೆ ಒಂದು ಪ್ರಶ್ನೆ. ಮಳೆಗೆ ನೆನೆದು ಪೂರ್ತಿ ಡೆಡ್ ಆಗಿರೋ ಫೋನು. ಆನೇ ಆಗಲ್ಲ ಅಂದಮೇಲೆ ಮೋಡೂ ಇಲ್ಲ, ರೀಸೆಟ್ಟೂ ಇಲ್ಲ. ಅಂಗಡಿಯವರು "ಬೋರ್ಡ್ ಬದಲಾಯಿಸೋಣ, ಹಳೇ ಮೆಮೊರಿ ಐಸಿ ಕಿತ್ತು ಡೇಟಾ ತೆಗೆದುಕೊಡ್ತೀವಿ" ಅಂತಾರೆ. ನಂಬಬಹುದಾ?

ಉತ್ತರ: ಬ್ಲೋವರ್ ಬೆಂಚ್

ಫೋನ್ ಯಾವ ವರ್ಷದ್ದು ಅನ್ನೋದರ ಮೇಲೆ ಹೋಗುತ್ತೆ. ಆಂಡ್ರಾಯ್ಡ್ 10 ಹಾಕಿಯೇ ಹೊರಬಂದ ಫೋನು ಅಥವಾ ಅದಕ್ಕಿಂತ ಹೊಸದಾದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಎನ್‌ಕ್ರಿಪ್ಷನ್ ಕಡ್ಡಾಯ. ಮೆಮೊರಿ ಐಸಿ ಒಳಗೆ ಇರೋದು ಬಿಡಿಸಲಾಗದ ಅಂಕಿಗಳ ರಾಶಿ ಮಾತ್ರ. ಅದನ್ನು ಬಿಡಿಸೋ ಕೀಲಿ ತಯಾರಾಗೋಕೆ ಅದೇ ಬೋರ್ಡಿನ ಪ್ರೊಸೆಸರ್ ಬೇಕು, ಜೊತೆಗೆ ನಿಮ್ಮ ಪಿನ್ ಬೇಕು. ಐಸಿ ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಏನೂ ಬರಲ್ಲ. ಡೇಟಾ ಬೇಕಾದರೆ ಹಳೇ ಬೋರ್ಡನ್ನೇ ಒಂದು ಸಲ ಜೀವ ಬರಿಸಬೇಕು. ನೀರಿನ ಕೇಸಿನಲ್ಲಿ ಬೋರ್ಡ್ ತೊಳೆದು, ಶಾರ್ಟ್ ಆಗಿರೋ ಕೆಪಾಸಿಟರ್ ಹುಡುಕಿ ತೆಗೆದರೆ ಎಷ್ಟೋ ಸಲ ಆನ್ ಆಗುತ್ತೆ. "ಐಸಿ ಕಿತ್ತು ತೆಗೀತೀವಿ" ಅನ್ನೋರಿಗೆ ಹೊಸ ಫೋನ್ ಕೊಡಬೇಡಿ, ಕೊಟ್ಟರೆ ಇರೋ ಒಂದು ದಾರಿಯೂ ಮುಚ್ಚಿಹೋಗುತ್ತೆ.

ಅದಕ್ಕೂ ಹಳೆಯ ಅಗ್ಗದ ಫೋನಾದರೆ ಉಲ್ಟಾ. ಎನ್‌ಕ್ರಿಪ್ಷನ್ ಇಲ್ಲದೇ ಇರಬಹುದು, ಐಸಿ ಓದಿದರೆ ಫೋಟೋ ಸಿಗಬಹುದು. ಸಿಗೋದು ನಿಮಗೂ ಹೌದು, ಬೇರೆಯವರಿಗೂ ಹೌದು.

ಎರಡೂ ಕಡೆ ಒಂದೇ ಮಾತು: ಬೋರ್ಡ್ ಬದಲಾಯಿಸಿದರೆ ಹಳೇ ಬೋರ್ಡನ್ನು ಕೈಗೆ ಕೇಳಿ ಪಡೆಯಿರಿ. ನಿಮ್ಮ ಡೇಟಾ ಇರೋದು ಅದರಲ್ಲಿ. ಹಳೇ ಡಿಸ್ಪ್ಲೇ, ಹಳೇ ಬ್ಯಾಟರಿ, ಚಾರ್ಜಿಂಗ್ ಸಬ್-ಬೋರ್ಡ್, ಇವುಗಳಲ್ಲಿ ಡೇಟಾ ಇರಲ್ಲ, ಬಿಟ್ಟರೂ ನಡೆಯುತ್ತೆ. ವಾರಂಟಿಯಲ್ಲಿ ಸರ್ವಿಸ್ ಸೆಂಟರಿನವರು ಹಳೇ ಬೋರ್ಡ್ ಕೊಡದೇ ಇರಬಹುದು. ಹಾಗಾದಾಗ ಕಾಪಾಡೋದು ನೀವು ಮುಂಚೆ ಇಟ್ಟಿದ್ದ ಪಿನ್ ಒಂದೇ. ಆರಂಕಿಯ ಪಿನ್ ಇಡಿ ಅಂತ ಹೇಳೋದು ಇದಕ್ಕೇ.

ಕೊಡೋ ಮುಂಚೆ ಐಎಂಇಐ (ಫೋನಿನ ಗುರುತಿನ ನಂಬರ್) ಬರೆದಿಟ್ಟುಕೊಳ್ಳಿ. ಆನ್ ಆಗೋ ಫೋನಲ್ಲಿ *#06# ಒತ್ತಿದರೆ ಬರುತ್ತೆ, ಎರಡು ಸಿಮ್ ಫೋನಿಗೆ ಎರಡಿರುತ್ತೆ. ಡೆಡ್ ಆಗಿದ್ದರೆ ಫೋನಿನ ಡಬ್ಬದ ಮೇಲೆ, ಕೊಂಡ ಬಿಲ್ಲಿನಲ್ಲಿ ನೋಡಿ. ವಾಪಸ್ ಬಂದಾಗ ನಂಬರ್ ಬೇರೆ ಇದ್ದರೆ ಬೋರ್ಡ್ ಬದಲಾಗಿದೆಯಾ ಅಂತ ಅಲ್ಲೇ ಕೇಳಿ.

ಉತ್ತರ: ಚಿಕ್ಕಮಗಳೂರು ಐಫೋನ್

ಐಫೋನ್‌ನವರಿಗೆ ಎರಡೇ ಸಾಲು. ಐಒಎಸ್ 17.5ರಿಂದ, ಅಂದರೆ 2024ರ ಮೇ ತಿಂಗಳಿಂದ, ಫೈಂಡ್ ಮೈ (ಕಳೆದ ಐಫೋನ್ ಹುಡುಕೋ ವ್ಯವಸ್ಥೆ) ಆಫ್ ಮಾಡದೆ ರಿಪೇರಿಗೆ ಕೊಡೋ ವ್ಯವಸ್ಥೆ ಇದೆ. ಫೈಂಡ್ ಮೈ ಆ್ಯಪ್‌ನಲ್ಲಿ ಆ ಫೋನನ್ನು ಆರಿಸಿ, ರಿಮೂವ್ ಒತ್ತಿದರೆ ರಿಪೇರಿ ಆಯ್ಕೆ ತೋರಿಸುತ್ತೆ. ಯಾರಾದರೂ ಫೈಂಡ್ ಮೈ ಆಫ್ ಮಾಡಲೇಬೇಕು ಅಂದರೆ ಮನೆಯಲ್ಲೇ ಮಾಡಿ ಹೊರಡಿ. ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಇದ್ದರೆ ಪರಿಚಯವಿಲ್ಲದ ಜಾಗದಲ್ಲಿ ಒಂದು ಗಂಟೆ ಕಾಯಿಸುತ್ತೆ. ಆಪಲ್ ಐಡಿ ಪಾಸ್‌ವರ್ಡ್ ಯಾವ ಕೆಲಸಕ್ಕೂ ಯಾರಿಗೂ ಬೇಡ.

ಉತ್ತರ: ಸೆಟ್ಟಿಂಗ್ಸ್ ಹುಡುಕು

ವಾಪಸ್ ಬಂದ ಫೋನನ್ನು ಹೇಗೆ ನೋಡೋದು ಅಂತಲೂ ಹೇಳಿಬಿಡ್ತೀನಿ. ಪ್ಯಾಟರ್ನ್ ಕೊಟ್ಟು ಬಿಟ್ಟು ಬಂದವರಿಗೆ ಇದು ಹೆಚ್ಚು ಬೇಕು.

ಮೊದಲು ಫಿಂಗರ್‌ಪ್ರಿಂಟ್ ಪಟ್ಟಿ. ಡಿಸ್ಪ್ಲೇ ಬದಲಾದ ಮೇಲೆ ಸೆನ್ಸರ್ ನೋಡೋಕೆ ಟೆಕ್ನಿಷಿಯನ್ ತನ್ನ ಬೆರಳನ್ನೇ ಸೇರಿಸಿ ನೋಡಿರ್ತಾನೆ, ತೆಗೆಯೋದು ಮರೆತಿರ್ತಾನೆ. ಪಟ್ಟಿಯಲ್ಲಿ ಫಿಂಗರ್‌ಪ್ರಿಂಟ್ 1, 2, 3 ಅಂತಷ್ಟೇ ಇರುತ್ತೆ, ಯಾವುದು ಯಾರದ್ದು ಅಂತ ತಿಳಿಯಲ್ಲ. ಎಲ್ಲ ಅಳಿಸಿ ಹೊಸದಾಗಿ ಇಡಿ. ಹೀಗೆ ಮಾಡಿದಾಗ ಬ್ಯಾಂಕ್ ಆ್ಯಪ್‌ಗಳು ಬೆರಳು ಒಪ್ಪದೆ ಎಂಪಿನ್ (ಆ ಆ್ಯಪ್ ತೆರೆಯೋ ಪಿನ್) ಕೇಳಬಹುದು, ಅದು ನೆನಪಿದೆಯಾ ನೋಡಿಕೊಂಡು ಮಾಡಿ. ಪ್ಯಾಟರ್ನನ್ನೂ ಅದೇ ದಿನ ಬದಲಾಯಿಸಿ.

ಆಮೇಲೆ ವಾಟ್ಸಾಪ್, ಲಿಂಕ್ಡ್ ಡಿವೈಸಸ್. ಅಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್. ಹೊಸ ಕಂಪ್ಯೂಟರ್ ಸೇರಿಸೋಕೆ ಫೋನಿನ ಲಾಕ್ ಕೇಳುತ್ತೆ ನಿಜ, ಆದರೆ ಅದನ್ನೇ ಅಲ್ವಾ ಚೀಟಿಯಲ್ಲಿ ಬರೆದುಕೊಟ್ಟಿರೋದು. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯುವರ್ ಡಿವೈಸಸ್ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಪಾರ್ಟ್ನರ್ ಶೇರಿಂಗ್ ಯಾರ ಹೆಸರಿಗಾದರೂ ಆನ್ ಇದೆಯಾ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಆ್ಯಪ್ಸ್, ನೋಟಿಫಿಕೇಶನ್ ಆ್ಯಕ್ಸೆಸ್ ಈ ಮೂರು ಪಟ್ಟಿಯಲ್ಲಿ ನೀವು ಹಾಕದ ಹೆಸರು ಇರಬಾರದು. ಗುಟ್ಟಾಗಿ ಕೂರೋ ಆ್ಯಪ್‌ಗಳು ಸಾಮಾನ್ಯವಾಗಿ ಇವುಗಳಲ್ಲಿ ಒಂದರ ಅನುಮತಿ ಇಟ್ಟುಕೊಂಡಿರುತ್ತೆ. ಡೆವಲಪರ್ ಆಪ್ಷನ್ಸ್ ಆನ್ ಆಗಿದ್ದರೆ ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡೋ ದಾರಿ) ಆಫ್ ಮಾಡಿ. ಸಿಮ್ ಒಳಗೇ ಬಿಟ್ಟಿದ್ದರೆ *#21# ಒತ್ತಿ ಕಾಲ್ ಫಾರ್ವರ್ಡ್ ಆಗಿದೆಯಾ ನೋಡಿ, ಆಗಿದ್ದರೆ ##002# ಒತ್ತಿದರೆ ಎಲ್ಲವೂ ರದ್ದಾಗುತ್ತೆ.

ಯಾರಾದರೂ ತೆರೆದು ನೋಡಿದ್ದಾರಾ ಅಂತ ತಿಳಿಯೋಕೂ ದಾರಿ ಇದೆ. ಡಿಜಿಟಲ್ ವೆಲ್‌ಬೀಯಿಂಗ್ ಒಳಗೆ ಆ ದಿನದ ಲೆಕ್ಕ ತೆಗೆಯಿರಿ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಅಂತ ಇರುತ್ತೆ. ಫೋನು ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಡಯಲರ್, ಕ್ಯಾಮೆರಾ ಒಂದೆರಡು ನಿಮಿಷ ಇದ್ದರೆ ಅದು ಚೆಕ್ಕಿಂಗ್. ಗ್ಯಾಲರಿಯೋ ವಾಟ್ಸಾಪೋ ಹತ್ತು ನಿಮಿಷ ತೆರೆದಿದ್ದರೆ ಅದಕ್ಕೆ ರಿಪೇರಿಯ ಕಾರಣ ಇಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇದು ಬರೀ ಅನುಮಾನ ಅಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಲ್ಯಾಪ್‌ಟಾಪ್‌ಗಳಲ್ಲಿ ಲಾಗ್ ಇಟ್ಟು ರಿಪೇರಿ ಅಂಗಡಿಗಳಿಗೆ ಕೊಟ್ಟು ನೋಡಿದ್ದರು. ಆರು ಕಡೆ ಖಾಸಗಿ ಫೈಲ್ ತೆರೆದಿದ್ದರು, ಅದರಲ್ಲಿ ಎರಡು ಕಡೆ ಕಾಪಿಯೂ ಮಾಡಿಕೊಂಡಿದ್ದರು. ಕೆಲಸ ಇದ್ದದ್ದು ಆಡಿಯೋ ಸರಿಮಾಡೋದು ಅಷ್ಟೇ.

ಉತ್ತರ: ಪಾಸ್‌ಬುಕ್ ಪುಟ

ಅಂಥದ್ದೇನಾದರೂ ಕಂಡುಬಂದರೆ: ಅನುಮತಿ ಇಲ್ಲದೆ ಡೇಟಾ ಕಾಪಿ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43 ಮತ್ತು 66ರ ಅಡಿ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಉಳಿದದ್ದು. ಜಾಬ್ ಕಾರ್ಡ್ ಮತ್ತು ಬಿಲ್ ಎಸೆಯಬೇಡಿ. ಕೊಟ್ಟ ಸಮಯ, ಪಡೆದ ಸಮಯ ಅದರಲ್ಲಿ ಬರೆಸಿದ್ದರೆ ಮೇಲೆ ಹೇಳಿದ ಲೆಕ್ಕದ ಜೊತೆ ಹೊಂದಿಸಿ ತೋರಿಸಬಹುದು.

ಪ್ರಶ್ನೆ ಕೇಳಿದವರು: ಆಲೂರು ಲೆಕ್ಕದ ಪುಸ್ತಕ

ಎಲ್ಲರಿಗೂ ತುಂಬಾ ಧನ್ಯವಾದ. ಮೌಸ್ ಸಂಘದ ಕಂಪ್ಯೂಟರಿನದ್ದೇ ಇದೆ, ಅಡಾಪ್ಟರ್ ತಗೋತೀನಿ. ಕೊನೇದೊಂದು. ಸದಸ್ಯರ ಆಧಾರ್ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಫೋನಿಂದ ಅಳಿಸಿಬಿಟ್ಟರೆ ಸಾಕಾ?

ಉತ್ತರ: ಸೆಟ್ಟಿಂಗ್ಸ್ ಹುಡುಕು

ಗ್ಯಾಲರಿಯಿಂದ ಅಳಿಸಿದರೆ ಮುಗಿಯಲ್ಲ ಅಕ್ಕ. ಸ್ಯಾಮ್‌ಸಂಗ್ ಗ್ಯಾಲರಿಯ ಟ್ರ್ಯಾಶ್‌ನಲ್ಲಿ 30 ದಿನ ಹಾಗೇ ಇರುತ್ತೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಅದರ ಟ್ರ್ಯಾಶ್‌ನಲ್ಲಿ 60 ದಿನ. ಎರಡೂ ಕಡೆ ಹೋಗಿ ಖಾಲಿ ಮಾಡಬೇಕು. ಸದಸ್ಯರು ವಾಟ್ಸಾಪಿನಲ್ಲಿ ಕಳಿಸಿದ್ದು, ನೀವು ಬ್ಯಾಂಕಿಗೆ ಕಳಿಸಿದ್ದು ಬೇರೆ ಬೇರೆ ಕಾಪಿ. ಮೈ ಫೈಲ್ಸ್ ತೆರೆದು ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸಾಪ್, ವಾಟ್ಸಾಪ್, ಮೀಡಿಯಾ ಅಂತ ಒಳಗೆ ಹೋದರೆ ವಾಟ್ಸಾಪ್ ಇಮೇಜಸ್ ಸಿಗುತ್ತೆ. ಅದರೊಳಗೆ ಸೆಂಟ್ ಅನ್ನೋ ಇನ್ನೊಂದು ಫೋಲ್ಡರ್ ಇದೆ, ಕಳಿಸಿದ್ದೆಲ್ಲ ಅಲ್ಲಿರುತ್ತೆ. ಪಿಡಿಎಫ್‌ಗಳು ವಾಟ್ಸಾಪ್ ಡಾಕ್ಯುಮೆಂಟ್ಸ್‌ನಲ್ಲಿ. ಸ್ಕ್ಯಾನರ್ ಆ್ಯಪ್ ಬಳಸಿದ್ದರೆ ಅದರೊಳಗೂ ಒಂದು ಕಾಪಿ ಉಳಿದಿರುತ್ತೆ.

ಮುಂದಕ್ಕೆ ಸದಸ್ಯರಿಂದ ಮಾಸ್ಕ್ಡ್ ಆಧಾರ್ ತಗೊಳ್ಳಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋದು. ಬ್ಯಾಂಕಿನವರು ಪೂರ್ತಿ ನಂಬರ್ ಕೇಳಿದಾಗ ಮಾತ್ರ ಪೂರ್ತಿಯದ್ದು ಕೊಟ್ಟರಾಯ್ತು. ಕಂಪ್ಯೂಟರಿಗೆ ಹಾಕಿದ ಫೋಲ್ಡರಿಗೂ ಪಾಸ್‌ವರ್ಡ್ ಇರಲಿ. ಸಂಘದ ಕಂಪ್ಯೂಟರ್ ಅಂದರೆ ಅದನ್ನೂ ಒಂದು ದಿನ ರಿಪೇರಿಗೆ ಕೊಡಬೇಕಾಗುತ್ತೆ.